ದೊಡ್ಡಪ್ಪ ಕಾಶಿಗೆ ಹೋಗಿರಲಿಲ್ಲ

ಗಾಂಧಿಬಜಾರಿನ ಹೋಟೆಲುಗಳಲ್ಲಿ, ಮಲ್ಲೇಶ್ವರದ ಪಾರ್ಕುಗಳಲ್ಲಿ ನನ್ನ ವಯಸ್ಸಿನವರು ಈಗ ‘ಸೈಲೋಸೈಬಿನ್’ ಎಂಬ ಪದವನ್ನು ವಿಟಮಿನ್ ಮಾತ್ರೆಯ ಹೆಸರಿನಷ್ಟೇ ಸಲೀಸಾಗಿ ಆಡುತ್ತಾರೆ. ಕೆಲವು ಅಣಬೆಗಳಲ್ಲಿರುವ ಈ ಭ್ರಮಾಜನಕ ರಾಸಾಯನಿಕ ಖಿನ್ನತೆಗೆ ರಾಮಬಾಣವಂತೆ. ಇದೇ ಮಾತು ಹಿರಿಯರ ಕಿವಿಗೆ ಬಿದ್ದರೆ ‘ಡ್ರಗ್ಸ್’ ಎಂಬ ಒಂದೇ ಪದಕ್ಕೆ ಚರ್ಚೆ ಮುಗಿಯುತ್ತದೆ. ಈ ಇಬ್ಬರೂ ಒಂದೇ ಪ್ರಶ್ನೆಯಿಂದ ತಲೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದು ನನ್ನ ತಕರಾರು.

ಭರವಸೆ ಪೂರ್ತಿ ಸುಳ್ಳೇನಲ್ಲ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆ ಔಷಧಗಳಿಗೆ ಜಗ್ಗದ ಖಿನ್ನತೆಯಿದ್ದ 233 ಜನ ಭಾಗವಹಿಸಿದ್ದರು. ಒಮ್ಮೆ ಮಾತ್ರ 25 ಮಿಲಿಗ್ರಾಂ ಸೈಲೋಸೈಬಿನ್ ಪಡೆದವರಲ್ಲಿ ಮೂರನೇ ವಾರಕ್ಕೆ ಶೇ. 37ರಷ್ಟು ಮಂದಿ ಸಾಕಷ್ಟು ಸುಧಾರಿಸಿದ್ದರು. ಹನ್ನೆರಡನೇ ವಾರದವರೆಗೂ ಆ ಸುಧಾರಣೆ ಉಳಿದದ್ದು ಶೇ. 20ರಷ್ಟು ಮಂದಿಯಲ್ಲಿ. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಗಳೂ ಕಾಣಿಸಿಕೊಂಡವು. ಇದು ಆಶಾದಾಯಕ ಹೌದು, ರಾಮಬಾಣವಲ್ಲ.

ಇಂಥ ಪ್ರಯೋಗಗಳಲ್ಲಿ ಔಷಧದಷ್ಟೇ ಮುಖ್ಯವಾದದ್ದು ಬಾಗಿಲಲ್ಲಿ ನಡೆಯುವ ತಪಾಸಣೆ. ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ಕಾಯಿಲೆ ತಮಗೋ ಹತ್ತಿರದ ರಕ್ತಸಂಬಂಧಿಗಳಿಗೋ ಇದ್ದವರನ್ನು ಸಾಮಾನ್ಯವಾಗಿ ಒಳಗೇ ಬಿಡುವುದಿಲ್ಲ. ಅಂಥವರಲ್ಲಿ ಮದ್ದೇ ಕಾಯಿಲೆಯನ್ನು ಕೆರಳಿಸಬಹುದೆಂಬ ಭಯ. ಒಳಗೆ ಹೋದವರ ಪಕ್ಕದಲ್ಲೂ ತರಬೇತಿ ಪಡೆದವರು ಆರೆಂಟು ಗಂಟೆ ಕೂತಿರುತ್ತಾರೆ.

ಈ ತಪಾಸಣೆ ನಿಂತಿರುವುದು ಮನೆಯವರು ಹೇಳುವ ನಿಜದ ಮೇಲೆ. ನಮ್ಮ ಹಳೆಯ ಬಡಾವಣೆಗಳ ಮನೆಗಳಲ್ಲಿ ಆ ನಿಜ ಯಾರ ಹತ್ತಿರ ಇದೆ? ಸಂಬಂಧ ಕುದುರಿಸುವಾಗ ಗೋತ್ರ, ನಕ್ಷತ್ರ, ಸಂಬಳ ಎಲ್ಲವನ್ನೂ ಕೇಳುತ್ತೇವೆ, ಹೇಳುತ್ತೇವೆ. ಮನಸ್ಸಿನ ಕಾಯಿಲೆಯೊಂದನ್ನು ಮಾತ್ರ ಬೀರುವಿನೊಳಗೆ ಇಟ್ಟು ಬೀಗ ಹಾಕುತ್ತೇವೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ, ದೊಡ್ಡಪ್ಪ ಕಾಶಿಗೆ ಹೋದವರು ವಾಪಸು ಬರಲಿಲ್ಲ ಎಂದೇ ನಾನು ಕೇಳುತ್ತ ಬೆಳೆದೆ. ಅವರು ಹೋದದ್ದು ಕಾಶಿಗಲ್ಲ, ಆಸ್ಪತ್ರೆಗೆ. ಪಿಎಚ್.ಡಿ.ಗೆ ಸೇರಿದ ಮೇಲೆ, ಅದೂ ಅತ್ತೆಯೊಬ್ಬರು ಬಾಯಿ ತಪ್ಪಿ ಹೇಳಿದ್ದರಿಂದ ಇದು ತಿಳಿಯಿತು. ಅದಕ್ಕೆ ಮುಂಚೆ ಯಾವ ವೈದ್ಯರು ಕೇಳಿದ್ದರೂ ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂದು ನಾನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಅಣಬೆ ಮಾರುವವನು ಅದನ್ನು ಕೇಳುವುದೂ ಇಲ್ಲ.

ಹಾಗೆಂದು ನಿಷೇಧದ ಹಿಂದೆ ಅಡಗಿಕೊಂಡರೂ ಆಗದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿರುವ ನೂರರಲ್ಲಿ ಸುಮಾರು 85 ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. 1985ರ ಮಾದಕವಸ್ತು ಕಾಯ್ದೆಯೂ ವೈದ್ಯಕೀಯ, ವೈಜ್ಞಾನಿಕ ಉದ್ದೇಶಕ್ಕೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಸಂಶೋಧನೆ ಇಲ್ಲೇ, ನಮ್ಮ ಆಸ್ಪತ್ರೆಗಳಲ್ಲಿ, ವೈದ್ಯರ ಕಣ್ಣೆದುರು ನಡೆಯಲಿ. ಹೊರದೇಶದ ಅಂಕಿಅಂಶ ನಮ್ಮ ಮನೆಗಳ ಮೌನವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಗೆಳೆಯರಿಗೆ ನನ್ನ ಮಾತಿಷ್ಟೆ: ನಿಮ್ಮ ವಂಶದ ಕಥೆ ಗೊತ್ತಿಲ್ಲದೆ ಆ ಅಣಬೆಗೆ ಕೈ ಹಾಕಬೇಡಿ. ಕಷ್ಟವಾದರೆ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಹಿರಿಯರಿಗೆ: ಮಕ್ಕಳು ಡ್ರಗ್ಸ್ ಹಿಡಿದಾರೆಂದು ಹೆದರುವ ನೀವು, ಅವರನ್ನು ಕಾಪಾಡಬಲ್ಲ ಒಂದೇ ಒಂದು ಮಾಹಿತಿಯನ್ನು ಮದುವೆ ಮಾರುಕಟ್ಟೆಗೆ ಅಂಜಿ ಮುಚ್ಚಿಟ್ಟಿದ್ದೀರಿ. ಅದನ್ನು ಮೊದಲು ಹೊರಗೆ ತೆಗೆಯಿರಿ.