ನಿಮ್ಮ ಪಾಲಡಿನ್‌ಗೆ ದೇವರು ಅಂದ್ರೆ ಬರೀ ಲಾಕೆಟ್ಟಾ?

1/6
ಹೊಸ ಕ್ಯಾಂಪೇನ್ ಶುರುವಾಗೋ ದಿನ ಸುಮಾರು ಟೇಬಲ್‌ಗಳಲ್ಲಿ ಇದೇ ಕಥೆ. ಪಾಲಡಿನ್ ಆಡೋರು ಕತ್ತಿ ಯಾವ್ದು, ಕವಚ ಯಾವ್ದು, ಸ್ಮೈಟ್‌ಗೆ ಎಷ್ಟು ಡೈಸ್ ಅಂತ ಅರ್ಧ ಗಂಟೆ ಲೆಕ್ಕ ಹಾಕ್ತಾರೆ. ಕೊನೆಗೆ ಡಿಎಂ "ದೇವರು ಯಾರು?" ಅಂತ ಕೇಳಿದ್ರೆ, "ಯಾರಾದ್ರೂ ಹಾಕ್ಕೋ ಗುರು" ಅನ್ನೋ ಉತ್ತರ. ನನ್ನ ಜಗಳ ಇರೋದೇ ಆ ಮಾತಿನ ಜೊತೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋ ನಿಮಗೆ ನೇರವಾಗಿ ಹೇಳ್ತೀನಿ: ದೇವರನ್ನು ಕಾಟಾಚಾರಕ್ಕೆ ಆರಿಸಿದ ಪಾಲಡಿನ್, ಹೊಳೆಯೋ ಕವಚ ಹಾಕ್ಕೊಂಡಿರೋ ಫೈಟರ್ ಅಷ್ಟೇ.

2/6
ಈ ಕಾಯಿಲೆ ಹಳೇದು. ಪಾಲಡಿನ್ ಈ ಆಟಕ್ಕೆ ಬಂದಿದ್ದು 1975ರ ‘ಗ್ರೇಹಾಕ್’ ಪುಸ್ತಕದಲ್ಲಿ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ನೋಡಿ: ಲಾಫುಲ್ ಗುಡ್ ಆಗಿರಲೇಬೇಕು, 10ಕ್ಕಿಂತ ಹೆಚ್ಚು ಮಾಂತ್ರಿಕ ವಸ್ತು ಇಟ್ಟುಕೊಳ್ಳುವಂತಿಲ್ಲ, ಗಳಿಕೆಯಲ್ಲಿ ಹತ್ತನೇ ಒಂದು ಪಾಲು ಕೊಟ್ಟುಬಿಡಬೇಕು, ಗೊತ್ತಿದ್ದೂ ಕೆಟ್ಟ ಕೆಲಸ ಮಾಡಿದರೆ ಪದವಿ ಶಾಶ್ವತವಾಗಿ ಹೋಯ್ತು. ಕಟ್ಟುನಿಟ್ಟೇನೋ ಸರಿ. ಆದ್ರೆ ಯಾವ ದೇವರ ಭಕ್ತನಾದ್ರೂ ಕಟ್ಟಳೆ ಒಂದೇ! ಅದಕ್ಕೇ ಎಲ್ಲ ಪಾಲಡಿನ್‌ಗಳೂ ಒಂದೇ ಅಚ್ಚಿನ ಬೆಲ್ಲದ ಥರ ಆಗಿದ್ದು. ಬಾಯಿ ತೆರೆದ್ರೆ ಉಪದೇಶ, ಬಿಡುವಾದ್ರೆ ಪಾರ್ಟಿಯ ಕಳ್ಳನ ಜೇಬು ತಪಾಸಣೆ.

3/6
ಈಗ ಒಂದು ಪರೀಕ್ಷೆ. ಫರ್ಗಾಟನ್ ರೆಲ್ಮ್ಸ್ ಲೋಕದ ಮೂರು ದೇವರುಗಳು: ನ್ಯಾಯದ ಟೈರ್, ಕರ್ತವ್ಯದ ಟಾರ್ಮ್, ನೋವುಂಡವರ ಇಲ್‌ಮೇಟರ್. ಮೂವರೂ ಲಾಫುಲ್ ಗುಡ್. ಮೂವರೂ ಒಂದೇ ಕೂಟ, ಹೆಸರು ‘ಟ್ರಯಡ್’.

ಒಬ್ಬ ದರೋಡೆಕೋರ ಶರಣಾಗಿದ್ದಾನೆ. ಕದ್ದೊಯ್ದ ಮಕ್ಕಳು ಎಲ್ಲಿದ್ದಾರೆ ಅಂತ ಅವನಿಗೆ ಗೊತ್ತು. "ಹೇಳಿದ್ರೆ ಬಿಟ್ಬಿಡ್ತೀವಿ" ಅಂತ ನಿಮ್ಮ ಪಾರ್ಟಿಯವರೇ ಮಾತು ಕೊಟ್ಟಿದ್ದಾರೆ. ಅವನು ಬಾಯಿ ಬಿಡ್ತಿಲ್ಲ, ಎಲ್ಲರ ಕೈಯೂ ತುರಿಸ್ತಾ ಇದೆ.

ಟೈರ್‌ನ ಪಾಲಡಿನ್: "ಬಿಡೋಕೆ ನಾವ್ಯಾರು? ಇವನು ವಿಚಾರಣೆಗೆ ಜೀವಂತ ಬರಬೇಕು." ಎರಡು ದಿನದ ದಾರಿ ವ್ಯರ್ಥವಾದ್ರೂ ಸರಿ.
ಟಾರ್ಮ್‌ನ ಪಾಲಡಿನ್: "ಮಾತು ಕೊಟ್ಟಾಗಿದೆ. ಅವನು ಹೇಳಿದ್ರೆ ನಾನೇ ಹಗ್ಗ ಬಿಚ್ತೀನಿ."
ಇಲ್‌ಮೇಟರ್‌ನ ಪಾಲಡಿನ್: ಮೊದಲ ಏಟು ಬೀಳೋ ಮುಂಚೆ ಮಧ್ಯೆ ನಿಲ್ತಾಳೆ. ಲೇ ಆನ್ ಹ್ಯಾಂಡ್ಸ್‌ನಲ್ಲಿ ಉಳಿದ ಕೊನೆಯ 5 ಪಾಯಿಂಟನ್ನೂ ಆ ಕಳ್ಳನ ಗಾಯಕ್ಕೇ ಸುರೀತಾಳೆ.

ಅಲೈನ್‌ಮೆಂಟ್ ಒಂದೇ, ಕಥೆ ಮೂರು. ನಿಮ್ಮ ಶೀಟ್‌ನಲ್ಲಿರೋ ‘ಲಾಫುಲ್ ಗುಡ್’ ಅನ್ನೋ ಎರಡು ಪದ ಈ ಮೂವರಲ್ಲಿ ಯಾರು ನೀವು ಅಂತ ಹೇಳಲ್ಲ. ದೇವರು ಹೇಳ್ತಾನೆ.

4/6
"2014ರ ರೂಲ್ಸ್ ಓದು, ಪವರ್ ಬರೋಕೆ ದೇವರೇ ಬೇಕು ಅಂತಿಲ್ಲ, ಪ್ರತಿಜ್ಞೆ ಸಾಕು" ಅಂತೀರಾ? ಓದಿದ್ದೀನಿ. ‘ಬಾಲ್ಡರ್ಸ್ ಗೇಟ್ 3’ರಲ್ಲೂ ದೇವರನ್ನು ಆರಿಸೋದು ಕ್ಲೆರಿಕ್ ಮಾತ್ರ, ಪಾಲಡಿನ್‌ಗೆ ಬರೀ ಪ್ರತಿಜ್ಞೆ. ಅದು ಮುರಿದ್ರೆ ಕ್ಯಾಂಪಿಗೆ ಬರೋ ನೈಟ್‌ಗೆ 1,000 ಚಿನ್ನದ ನಾಣ್ಯ ಕೊಟ್ಟು ವಾಪಸ್ ಪಡೀಬಹುದು. ಯಾರಿಗೆ ಕೊಟ್ಟ ಮಾತು ಅಂತಾನೇ ಇಲ್ಲದಿದ್ರೆ, ಮಾತು ಮುರಿಯೋದು ದಂಡ ಕಟ್ಟೋ ವಿಷಯ ಆಗಿಬಿಡುತ್ತೆ.

ಇನ್ನೊಂದು. ಆ ಪುಸ್ತಕದ ‘ಡಿವೋಶನ್’ ಪ್ರತಿಜ್ಞೆಯಲ್ಲಿ ಪ್ರಾಮಾಣಿಕತೆಯೂ ಇದೆ, ಕರುಣೆಯೂ ಇದೆ. ಅಡಗಿಸಿಟ್ಟ ನಿರಾಶ್ರಿತರನ್ನು ಹುಡುಕ್ಕೊಂಡು ಸೈನಿಕರು ಬಾಗಿಲು ಬಡಿದರೆ? ನಿಜ ಹೇಳಿದ್ರೆ ಕರುಣೆ ಸತ್ತಿತು, ಸುಳ್ಳು ಹೇಳಿದ್ರೆ ಪ್ರಾಮಾಣಿಕತೆ. ಎರಡರಲ್ಲಿ ಯಾವುದು ದೊಡ್ಡದು ಅಂತ ಪ್ರತಿಜ್ಞೆ ಹೇಳಲ್ಲ. ಯಾರ ಮುಂದೆ ಮಂಡಿಯೂರಿ ಆ ಮಾತು ಕೊಟ್ಟಿರಿ ಅನ್ನೋದು ಹೇಳುತ್ತೆ. ದೇವರಿಲ್ಲದ ಪಾಲಡಿನ್ ಬೇಕಾ? ಆಡಿ, ತಕರಾರಿಲ್ಲ. ಆದ್ರೆ ಆ ಜಾಗದಲ್ಲಿ ಪ್ರಾಣ ಕೊಡುವಷ್ಟು ದೊಡ್ಡದು ಏನಾದ್ರೂ ಇಡಿ.

5/6
ಡಿಎಂಗಳೇ, ನೀವು ನಗಬೇಡಿ. ನಿಮ್ಮ ಪಾಲೂ ಇದೆ. ದೇವರನ್ನು ಸಿಸಿಟಿವಿ ಮಾಡಿ, ಒಂದು ಸುಳ್ಳಿಗೆ ಪವರ್ ಕಿತ್ಕೊಳ್ಳೋ ನಿಮ್ಮ ಭಯಕ್ಕೇ ಎಷ್ಟೋ ಜನ ಆ ಜಾಗ ಖಾಲಿ ಬಿಡೋದು. ಆಣೆ ಮುರಿಯೋ ಸನ್ನಿವೇಶ ಬಂದಾಗ ಮೊದಲು ಎಚ್ಚರಿಸಿ, ಆಮೇಲೆ ಶಿಕ್ಷೆ. ಆಟಗಾರರೇ, ನಿಮಗೂ ಒಂದು ಮಾತು: ವ್ರತ ನಿಮ್ಮದು, ಪಾರ್ಟಿಯದ್ದಲ್ಲ. ನೀವು ಉಪವಾಸ ಇದ್ದೀರಿ ಅಂತ ಪಕ್ಕದವನ ತಟ್ಟೆ ಎತ್ತಬೇಡಿ. ದೇವರ ಬೆಲೆ ತೆರಬೇಕಾದವರು ನೀವು.

6/6
ಮುಂದಿನ ಕ್ಯಾರೆಕ್ಟರ್ ಮಾಡುವಾಗ, ಕತ್ತಿ ಆರಿಸೋ ಮುಂಚೆ ಮೂರೇ ಮೂರು ಸಾಲು ಬರೀರಿ.
• ನನ್ನ ದೇವರಿಗಾಗಿ ನಾನು ಏನು ಕಳ್ಕೊಳ್ಳೋಕೆ ರೆಡಿ?
• ಬೇರೆ ಒಳ್ಳೆಯವರು ಮಾಡಬಹುದಾದ, ನಾನು ಮಾತ್ರ ಮಾಡಬಾರದ ಕೆಲಸ ಯಾವ್ದು?
• ನನ್ನ ದೇವರು ತಪ್ಪು ಅಂತ ನನಗನ್ನಿಸೋ ದಿನ ಬಂದ್ರೆ?

ಮೂರನೇದಕ್ಕೆ ಉತ್ತರ ಇಲ್ಲದಿದ್ರೂ ಪರವಾಗಿಲ್ಲ. ಅದನ್ನು ಹುಡುಕೋಕೆ ಅಂತಾನೇ ನಾವು ವಾರ ವಾರ ಡೈಸ್ ಹಿಡ್ಕೊಂಡು ಕೂರೋದು. ಒಪ್ಪದೋರು ಕೆಳಗೆ ಬನ್ನಿ, ಆದ್ರೆ ನಿಮ್ಮ ಪಾಲಡಿನ್‌ನ ದೇವರ ಹೆಸರು ಹೇಳಿ ಆಮೇಲೆ ಜಗಳ ಶುರು ಮಾಡಿ.

#ಪಾಲಡಿನ್ #ಡಿಎಂಕಥೆಗಳು #ಕನ್ನಡದಲ್ಲಿಡೈಸ್