ಅಪರೂಪದ ಬೇನೆಯೂ ಸರಕಾರದ ಹೊಣೆಯೂ

ಕೂಸಿನ ತೂಕವು ಹೆಚ್ಚಿತೆಂದರೆ ಹಿಗ್ಗದ ತಾಯಿಯುಂಟೇ? ಆದರೆ ಗೌಚರ್ ಎಂಬ ಬೇನೆಯೊಡನೆ ಜನಿಸಿದ ಮಗುವಿನ ಮಾತಾಪಿತೃಗಳಿಗೆ ಆ ಹಿಗ್ಗಿನ ಬೆನ್ನಿಗೇ ಖರ್ಚಿನ ಲೆಕ್ಕವೂ ಬರುತ್ತದೆ. ದೇಹದಲ್ಲಿ ಒಂದು ಕಿಣ್ವದ ಕೊರತೆಯಿರುವ ಕಾರಣ ಕೊಬ್ಬಿನ ಜಾತಿಯ ಪದಾರ್ಥವೊಂದು ಕರಗದೆ ಗುಲ್ಮ, ಯಕೃತ್ತು, ಮಜ್ಜೆಗಳಲ್ಲಿ ಸಂಚಯವಾಗುತ್ತದೆ. ಹೊಟ್ಟೆಯುಬ್ಬಿ, ರಕ್ತವು ಕುಂದಿ, ಎಲುಬುಗಳು ಶಿಥಿಲವಾಗುತ್ತವೆ. ಆ ಕಿಣ್ವವನ್ನು ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತ ಬಂದರೆ, ಬೇನೆಯು ಮಿದುಳನ್ನು ಮುಟ್ಟದಿರುವ ಪಕ್ಷದಲ್ಲಿ, ಮಗುವು ಚೇತರಿಸಿಕೊಂಡು ಎಲ್ಲರಂತೆ ಶಾಲೆಗೆ ಹೋಗಬಲ್ಲುದು. ಔಷಧದ ಪ್ರಮಾಣವು ಮಾತ್ರ ದೇಹದ ತೂಕವನ್ನು ಅನುಸರಿಸುವುದು. ಮಗು ಬೆಳೆದಂತೆಲ್ಲ ವೆಚ್ಚವೂ ಬೆಳೆಯುವುದು, ಅದೂ ಜೀವಮಾನಪರ್ಯಂತ.

ಕೇಂದ್ರ ಸರಕಾರದವರು 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದರು. ಇಂಥ ಬಹುವೆಚ್ಚದ ರೋಗಗಳಿಗೆ ಆಗ ತೋರಿಸಿದ ಮಾರ್ಗವೆಂದರೆ ಜಾಲತಾಣದ ಮೂಲಕ ದಾನಿಗಳಿಂದ ಹಣ ಕೂಡಿಸುವುದು. ಸಭ್ಯ ಭಾಷೆಯಲ್ಲಿ ಹೇಳಿದ ಭಿಕ್ಷೆಯೆಂದೇ ನಾವು ಅದನ್ನು ಭಾವಿಸುತ್ತೇವೆ. 2022ರ ಮೇ ತಿಂಗಳಲ್ಲಿ ನೀತಿಯನ್ನು ತಿದ್ದಿ, ಎಲ್ಲ ವರ್ಗದ ರೋಗಿಗಳಿಗೂ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುವಂತೆ ಮಾಡಲಾಯಿತು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಈ ಕಾರ್ಯವನ್ನು ವಹಿಸಿಕೊಂಡವು. ಇದು ಸ್ತುತ್ಯವೇ ಸರಿ. ಆದರೆ ಜೀವಮಾನದ ಚಿಕಿತ್ಸೆಗೆ ಒಂದೇ ಮೊತ್ತವನ್ನು ಗೊತ್ತುಮಾಡಿದುದು ಯಾವ ನ್ಯಾಯ? ಬೆಳೆಯುವ ಮಗುವಿಗೆ ಅದು ಕೆಲವೇ ವರ್ಷಗಳಲ್ಲಿ ತೀರಿಹೋಗುವುದು. ಔಷಧವು ನಿಂತರೆ ಗುಲ್ಮವು ಮತ್ತೆ ಊದುವುದು. ಇದು ನಡುನೀರಿನಲ್ಲಿ ಕೈಬಿಟ್ಟಂತಲ್ಲವೆ?

ಮನೆಯೊಳಗಿನ ದುಃಖವು ಬೇರೆಯೇ ಇದೆ. ಇಂಥ ಮಗು ಹುಟ್ಟಿದರೆ ನಮ್ಮವರು ತಾಯಿಯ ಹೊಟ್ಟೆಯನ್ನು ದೂರುವರು, ಇಲ್ಲವೆ ಪೂರ್ವಜನ್ಮದ ಕರ್ಮವೆನ್ನುವರು. ವಸ್ತುಸ್ಥಿತಿಯೆಂದರೆ, ಈ ಬೇನೆಗೆ ಕಾರಣವಾದ ವಂಶವಾಹಿಯು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಇಬ್ಬರೂ ತಮಗರಿಯದಂತೆ ಅದನ್ನು ಹೊತ್ತಿದ್ದ ಪಕ್ಷದಲ್ಲಿ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲಿನ ಸಂಭವವುಂಟು. ಸೊಸೆಯನ್ನು ತವರಿಗೆ ಅಟ್ಟುವ ಹಿರಿಯರು ಮೊದಲು ಈ ಮಾತನ್ನು ಕೇಳಲಿ.

ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿದ್ದಾರೆ. ಎರಡು ವಾರಕ್ಕೊಮ್ಮೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡುವ ಗುಮಾಸ್ತನು ರಜೆಯ ಅರ್ಜಿಯನ್ನು ಮುಂದಿಟ್ಟಾಗ, ಅದನ್ನು ಸಹಾನುಭೂತಿಯಿಂದ ನೋಡುವುದು ಅವರ ಕೈಯಲ್ಲಿಯೇ ಇದೆ. ಸರಕಾರವಾದರೋ, 50 ಲಕ್ಷದ ಮಿತಿಯನ್ನು ತೆಗೆದು, ವರ್ಷವರ್ಷವೂ ಮಗುವಿನ ತೂಕಕ್ಕೆ ತಕ್ಕಂತೆ ಹಣ ಮಂಜೂರುಮಾಡಬೇಕು. ಬೀದರ, ರಾಯಚೂರುಗಳಂಥ ದೂರದ ಜಿಲ್ಲೆಗಳ ಆಸ್ಪತ್ರೆಗಳಲ್ಲಿಯೇ ಈ ಔಷಧವನ್ನು ಕೊಡುವ ಏರ್ಪಾಡಾಗಬೇಕು. ಮುಂದಿನ ಆಯವ್ಯಯಪತ್ರವು ಸಿದ್ಧವಾಗುವ ಮುನ್ನವೇ ಮಂತ್ರಿಮಹಾಶಯರು ಇದನ್ನು ಪರ್ಯಾಲೋಚಿಸಬೇಕೆಂದು ಆಗ್ರಹಪೂರ್ವಕವಾಗಿ ಕೇಳುತ್ತೇವೆ.