ಇಂಟೆಲ್‌ಗೆ ದುಡ್ಡು ಸಿಕ್ತು, ಗಿರಾಕಿ ಸಿಗ್ತಾರಾ?

ಮೆಡಿಕಲ್ ಸ್ಟೋರ್, ಜೆರಾಕ್ಸ್ ಅಂಗಡಿ, ಸೊಸೈಟಿ ಆಫೀಸು, ಎಲ್ಲೇ ಹೋದರೂ ಬಿಲ್ ಹಾಕೋ ಕಂಪ್ಯೂಟರ್ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಕಾಣುತ್ತದೆ: ಇಂಟೆಲ್. ಅದು ಕಂಪ್ಯೂಟರ್ ಜೋಡಿಸಿದವರ ಹೆಸರಲ್ಲ, ಒಳಗಿನ ಪ್ರೊಸೆಸರ್ ಮಾಡಿದವರದ್ದು. 1991ರಿಂದ ಆ ಸ್ಟಿಕ್ಕರ್ ನೋಡಿಯೇ ಜನ ಕಂಪ್ಯೂಟರ್ ಕೊಂಡರು. ಅದೇ ಕಂಪನಿ 2024ರಲ್ಲಿ ಮಾಡಿಕೊಂಡ ನಷ್ಟ ಸುಮಾರು 1,880 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿಗೂ ಮೇಲೆ.

2025ರಲ್ಲಿ ಚಿತ್ರ ಬದಲಾಯಿತು ಅಂತ ಷೇರುಪೇಟೆಯವರು ಹೇಳುತ್ತಿದ್ದಾರೆ. ಆಗಸ್ಟ್‌ನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ 200 ಕೋಟಿ ಡಾಲರ್ ಹಾಕಿತು. ಅದೇ ತಿಂಗಳು ಅಮೆರಿಕ ಸರ್ಕಾರವೇ 890 ಕೋಟಿ ಡಾಲರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಶೇ 10ರಷ್ಟು ಪಾಲು ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ 500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಜುಲೈ–ಸೆಪ್ಟೆಂಬರ್ ಲೆಕ್ಕದಲ್ಲಿ 410 ಕೋಟಿ ಡಾಲರ್ ಲಾಭವೂ ಕಂಡಿತು. ಆದರೆ ಅದರಲ್ಲಿ ಆಲ್ಟೆರಾ ಎಂಬ ಅಂಗಸಂಸ್ಥೆಯ ಶೇ 51 ಪಾಲು ಮಾರಿದ ಲೆಕ್ಕವೂ ಇದೆ. ಗದ್ದೆ ಮಾರಿದ ವರ್ಷ ಮನೆಯಲ್ಲಿ ದುಡ್ಡು ಓಡಾಡೋದು ಸಹಜ.

ಹಾಗಾದರೆ ಈ ಕಂಪನಿ ಉಳಿಯುತ್ತಾ? ಅದಕ್ಕೆ ಉತ್ತರ ಹುಡುಕಬೇಕಾದರೆ ಇಂಟೆಲ್ ಒಂದೇ ವ್ಯಾಪಾರ ಅಲ್ಲ, ಎರಡು ಅನ್ನೋದನ್ನು ಮೊದಲು ನೋಡಬೇಕು.

ಒಂದು, ಚಿಪ್ ವಿನ್ಯಾಸ ಮಾಡಿ ತನ್ನ ಹೆಸರಲ್ಲಿ ಮಾರುವುದು. ಇನ್ನೊಂದು, ಆ ಚಿಪ್ ತಯಾರಿಸುವ ಕಾರ್ಖಾನೆ ನಡೆಸುವುದು. ಮೊದಲನೆಯದು ಅಂಗಡಿ, ಎರಡನೆಯದು ಗಿರಣಿ. ಹಿಂದೆ ಚಿಪ್ ಮಾರುವವರಲ್ಲಿ ಹೆಚ್ಚಿನವರಿಗೆ ಎರಡೂ ಇರುತ್ತಿತ್ತು. 1987ರಲ್ಲಿ ಮಾರಿಸ್ ಚಾಂಗ್ ತೈವಾನಿನಲ್ಲಿ ಟಿಎಸ್‌ಎಂಸಿ ಶುರು ಮಾಡಿ ಲೆಕ್ಕಾಚಾರವನ್ನೇ ಬದಲಿಸಿದರು. ಅವರದ್ದು ಗಿರಣಿ ಮಾತ್ರ, ಸ್ವಂತ ಬ್ರ್ಯಾಂಡಿನ ಚಿಪ್ ಇಲ್ಲ. ಆಪಲ್, ಎನ್‌ವಿಡಿಯಾ, ಎಎಂಡಿ ಎಲ್ಲರೂ ಅಲ್ಲಿಗೇ ಭತ್ತ ಹೊತ್ತರು. ಕೆಲಸ ಜಾಸ್ತಿ ಬಂದಷ್ಟೂ ಅವರ ಕೈ ಪಳಗಿತು. ಇತ್ತ ಇಂಟೆಲ್ 10 ನ್ಯಾನೋಮೀಟರ್ ಹಂತದಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ತಯಾರಿಸುವ ಹೊಸ ಮಾದರಿಯ ಯಂತ್ರಗಳನ್ನು ತೈವಾನಿನವರು ಬೇಗ ಬಳಸಿಕೊಂಡರು, ಇಂಟೆಲ್ ತಡ ಮಾಡಿತು. 2020ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಿಂದ ಇಂಟೆಲ್ ಚಿಪ್ ತೆಗೆಯಲು ಶುರು ಮಾಡಿತು.

2021ರಲ್ಲಿ ಮುಖ್ಯಸ್ಥರಾಗಿ ಬಂದ ಪ್ಯಾಟ್ ಗೆಲ್ಸಿಂಗರ್ ಒಂದು ದೊಡ್ಡ ಪಂಥ ಕಟ್ಟಿದರು: ಇಂಟೆಲ್ ಗಿರಣಿಯಲ್ಲಿ ಬೇರೆಯವರ ಚಿಪ್‌ಗಳನ್ನೂ ಮಾಡಿಕೊಡೋಣ. ಓಹಿಯೋದಲ್ಲಿ 2,000 ಕೋಟಿ ಡಾಲರ್ ಕಾರ್ಖಾನೆ, ಜರ್ಮನಿಯಲ್ಲಿ ಇನ್ನೊಂದು. ಗಿರಾಕಿ ಬರುವ ಮೊದಲೇ ಗೋಡೆ ಎದ್ದವು. 2024ರ ಡಿಸೆಂಬರ್‌ನಲ್ಲಿ ಅವರು ಹೊರನಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ ಬಂದ ಲಿಪ್-ಬು ಟಾನ್ ಜರ್ಮನಿಯ ಯೋಜನೆ ಕೈಬಿಟ್ಟರು, ಓಹಿಯೋ ಕೆಲಸ ನಿಧಾನ ಮಾಡಿದರು. ಸುಮಾರು ಒಂದು ಲಕ್ಷ ಸಿಬ್ಬಂದಿಯನ್ನು 75 ಸಾವಿರಕ್ಕೆ ಇಳಿಸಲು ಹೊರಟರು. ಖರ್ಚು ಕಡಿಮೆ ಮಾಡೋದು ಅವರಿಗೆ ಗೊತ್ತಿದೆ. ಗಿರಾಕಿ ತರೋದು ಬೇರೆ ವಿದ್ಯೆ.

ತೊಡಕು ಇರುವುದು ಇಲ್ಲೇ. ಊರಿನ ರೈಸ್ ಮಿಲ್ ಮಾಲೀಕರು ತಮ್ಮದೇ ಬ್ರ್ಯಾಂಡಿನ ಅಕ್ಕಿಯನ್ನೂ ಮಾರುತ್ತಾರೆ ಅಂದುಕೊಳ್ಳಿ. ಎದುರು ಸಾಲಿನ ಅಕ್ಕಿ ವ್ಯಾಪಾರಿ ತನ್ನ ಭತ್ತವನ್ನು ಅದೇ ಮಿಲ್ಲಿಗೆ ಕೊಡುತ್ತಾನಾ? ತನ್ನ ಸರಕು ಎಷ್ಟು, ಯಾವ ತಳಿ, ಯಾವಾಗ ಮಾರುಕಟ್ಟೆಗೆ ಬರುತ್ತೆ ಅನ್ನೋದೆಲ್ಲ ಪೈಪೋಟಿಯವನಿಗೆ ತಿಳಿಯುತ್ತದಲ್ಲ. ಸುಗ್ಗಿಯಲ್ಲಿ ಯಾರ ಮೂಟೆ ಮೊದಲು ಅನ್ನೋ ಅನುಮಾನ ಬೇರೆ. ಎಎಂಡಿಯಂಥ ಕಂಪನಿ ಇಂಟೆಲ್ ಗಿರಣಿ ಕಡೆ ನೋಡುವಾಗ ಇದೇ ಯೋಚನೆ ಬರುತ್ತದೆ.

ಅದಕ್ಕೇ ಇಂಟೆಲ್‌ನ ಮಾಜಿ ನಿರ್ದೇಶಕರಲ್ಲಿ ಕೆಲವರು, ಅಂಗಡಿ ಬೇರೆ ಮಾಡಿ, ಗಿರಣಿ ಬೇರೆ ಮಾಡಿ ಅಂತ ಬಹಿರಂಗವಾಗಿ ವಾದಿಸಿದ್ದಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ಪಾಲು ಮಾಡಿದ ಮೇಲೆ ಏನಾಗುತ್ತೆ ಅನ್ನೋದಕ್ಕೆ ಎಎಂಡಿಯ ಉದಾಹರಣೆಯೇ ಇದೆ. ಆ ಕಂಪನಿ 2009ರಲ್ಲಿ ತನ್ನ ಕಾರ್ಖಾನೆಗಳನ್ನು ಬೇರ್ಪಡಿಸಿತು. ಅವು ಗ್ಲೋಬಲ್‌ಫೌಂಡ್ರೀಸ್ ಆದವು. 2015ರಲ್ಲಿ ಎಎಂಡಿ ಷೇರು 2 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ಲೀಸಾ ಸು ನಾಯಕತ್ವದಲ್ಲಿ, 2017ರ ರೈಜನ್ ಚಿಪ್‌ಗಳಿಂದ ಮತ್ತೆ ಎದ್ದು ನಿಂತಿತು. ಅಂಗಡಿ ಉಳಿಯಿತು. ಗಿರಣಿ? ಗ್ಲೋಬಲ್‌ಫೌಂಡ್ರೀಸ್ 2018ರಲ್ಲಿ 7 ನ್ಯಾನೋಮೀಟರ್ ಓಟದಿಂದಲೇ ಹಿಂದೆ ಸರಿಯಿತು. ಈಗಲೂ ವ್ಯಾಪಾರ ಮಾಡುತ್ತಿದೆ, ಆದರೆ ಮುಂಚೂಣಿಯಲ್ಲಿಲ್ಲ.

ಅಮೆರಿಕ ಸರ್ಕಾರಕ್ಕೆ ಬೇಕಾಗಿರುವುದು ಅಂಗಡಿಯಲ್ಲ, ಗಿರಣಿ. ತೈವಾನಿನಲ್ಲಿ ನಾಳೆ ಏನಾದರೂ ಆದರೆ ತನ್ನ ನೆಲದಲ್ಲೇ ಚಿಪ್ ತಯಾರಾಗಬೇಕು ಅನ್ನೋದು ಅದರ ಆತಂಕ. ಹೀಗಾಗಿ ಒಪ್ಪಂದದಲ್ಲೇ ಒಂದು ಗಂಟು ಹಾಕಿದೆ: ಕಾರ್ಖಾನೆ ವಿಭಾಗದಲ್ಲಿ ಇಂಟೆಲ್ ಪಾಲು ಶೇ 51ಕ್ಕಿಂತ ಕೆಳಗಿಳಿದರೆ ಸರ್ಕಾರ ಷೇರಿಗೆ 20 ಡಾಲರ್‌ನಂತೆ ಇನ್ನೂ ಶೇ 5ರಷ್ಟು ಪಾಲು ಕೊಳ್ಳಬಹುದು. ಅಂದರೆ ಮನೆ ಒಡೆಯುವುದು ಈಗ ಮೊದಲಿಗಿಂತ ದುಬಾರಿ.

ಸರ್ಕಾರದ ದುಡ್ಡು ಬಂದದ್ದರಿಂದ ಕಾಲಾವಕಾಶ ಸಿಕ್ಕಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಂದವರೆಲ್ಲ ಹಣ ಹಾಕಿದವರು, ಆರ್ಡರ್ ಕೊಟ್ಟವರಲ್ಲ. ಎನ್‌ವಿಡಿಯಾ ಒಪ್ಪಂದವನ್ನೇ ನೋಡಿ. ಇಬ್ಬರೂ ಸೇರಿ ಚಿಪ್ ರೂಪಿಸುತ್ತೇವೆ ಅಂದಿದ್ದಾರೆ, ತನ್ನ ಚಿಪ್‌ಗಳನ್ನು ಇಂಟೆಲ್ ಗಿರಣಿಯಲ್ಲಿ ಮಾಡಿಸುತ್ತೇನೆ ಅಂತ ಎನ್‌ವಿಡಿಯಾ ಮಾತು ಕೊಟ್ಟಿಲ್ಲ. ಲಾಭ ತೋರಿಸಿದ ಅದೇ ಮೂರು ತಿಂಗಳಲ್ಲಿ ಕಾರ್ಖಾನೆ ವಿಭಾಗ ಸುಮಾರು 230 ಕೋಟಿ ಡಾಲರ್ ಕಳೆದುಕೊಂಡಿದೆ. 14ಎ ಎಂಬ ಮುಂದಿನ ತಂತ್ರಜ್ಞಾನಕ್ಕೆ ಹೊರಗಿನ ದೊಡ್ಡ ಗಿರಾಕಿ ಸಿಗದಿದ್ದರೆ ಅದನ್ನು ನಿಲ್ಲಿಸಬೇಕಾದೀತು ಅಂತ ಕಂಪನಿಯೇ 2025ರ ಜುಲೈನಲ್ಲಿ ಬರೆದುಕೊಟ್ಟಿದೆ.

ಡಿಸೆಂಬರ್‌ನಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಜೊತೆ ಆದ ಒಡಂಬಡಿಕೆ ನಮ್ಮಲ್ಲೂ ಸುದ್ದಿಯಾಯಿತು. ಗುಜರಾತ್ ಮತ್ತು ಅಸ್ಸಾಂನ ಟಾಟಾ ಘಟಕಗಳಲ್ಲಿ ಇಂಟೆಲ್ ಸರಕು ತಯಾರಿಸುವ ಸಾಧ್ಯತೆ ನೋಡುತ್ತಾರಂತೆ. ಒಳ್ಳೆಯದೇ, ಆದರೆ ಅದರಿಂದ ಇಂಟೆಲ್ ಗಿರಣಿಗೆ ಭತ್ತ ಬರುವುದಿಲ್ಲ. ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ ನಡೆಯುವುದು ಮುಖ್ಯವಾಗಿ ವಿನ್ಯಾಸದ ಕೆಲಸ, ಅಂದರೆ ಅಂಗಡಿ ಕಡೆಯದ್ದು. ಮಕ್ಕಳು ಅಲ್ಲಿ ಕೆಲಸಕ್ಕಿರುವ ಮನೆಯವರು ಗಮನಿಸಬೇಕಾದದ್ದು ಓಹಿಯೋ ಕಟ್ಟಡವನ್ನಲ್ಲ, ಇಂಟೆಲ್ ಚಿಪ್ ಮಾರಾಟವನ್ನು.

ಆ ಮಾರಾಟ ಇನ್ನೂ ದೊಡ್ಡದೇ, ವರ್ಷಕ್ಕೆ 5,000 ಕೋಟಿ ಡಾಲರ್‌ಗೂ ಹೆಚ್ಚು. ಅಂಗಡಿ ಉಳಿಯುತ್ತದೆ ಅನ್ನಲು ಇಷ್ಟು ಸಾಕು. ಗಿರಣಿಯ ಮಾತು ಹಾಗಲ್ಲ. ಇನ್ನೊಂದೆರಡು ವರ್ಷದಲ್ಲಿ ದೊಡ್ಡ ಹೆಸರಿನವರೊಬ್ಬರು ಆರ್ಡರ್ ಹಾಕದಿದ್ದರೆ, ಸರ್ಕಾರ ಎಷ್ಟು ಸುರಿದರೂ ಅದು ಖಾಲಿ ಓಡುವ ಮಿಲ್ಲೇ.

ಸದ್ಯಕ್ಕೆ ಅಂಗಡಿಯವರ ತಲೆನೋವು ಬೇರೆ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿದ್ದರಿಂದ ಹಲವರು ಹೊಸ ಕಂಪ್ಯೂಟರ್ ವಿಚಾರಿಸುತ್ತಿದ್ದಾರೆ. ಇಂಟೆಲ್ ಕೊಂಡರೆ ಕೈಕೊಡುತ್ತಾ ಅನ್ನೋ ಭಯ ಬೇಡ, ಬಿಲ್ಲಿಂಗ್ ಕೆಲಸಕ್ಕೆ ಎರಡೂ ಕಂಪನಿಯ ಚಿಪ್ ಧಾರಾಳ ಸಾಕು. ಎರಡಕ್ಕೂ ರೇಟು ಕೇಳಿ, ಕಡಿಮೆ ಬಂದದ್ದು ತಗೊಳ್ಳಬಹುದು. ಏರುತ್ತಿರುವುದು ಮೆಮೊರಿಯ, ಅಂದರೆ ರ‍್ಯಾಮ್‌ನ ಬೆಲೆ. ಎಐ ಕಂಪನಿಗಳು ಅದನ್ನು ರಾಶಿಗಟ್ಟಲೆ ಬಾಚಿಕೊಳ್ಳುತ್ತಿವೆ. ಇಂಟೆಲ್ 1985ರಲ್ಲಿ ನಷ್ಟ ತಾಳಲಾರದೆ ಬಿಟ್ಟ ಧಂದೆ ಇದೇ ಮೆಮೊರಿ.